ಅಮಾವಾಸ್ಯೆಯ ದಿನ ರಸ್ತೆ ಎಣಿಸಿದ ಪೆದ್ದಣ್ಣ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಾಯದುರ್ಗದ ಅಂಚಿನ ಹೆದ್ದಾರಿಯಲ್ಲಿ, ಡಿವೈಡರ್ ಒಡೆದಿರುವ ಜಾಗದಲ್ಲಿ ಪೆದ್ದಣ್ಣ ನಿಂತಿದ್ದಾರೆ. ಕೈಯಲ್ಲಿ ಕೋಲು, ಕೋಲಿನ ತುದಿಗೆ ಕೆಂಪು ಬಟ್ಟೆ. ಕಾಲನಿಯ ಕಡೆಯಿಂದ ಊಟದ ಡಬ್ಬಿ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ರಸ್ತೆಯಂಚಿನಲ್ಲಿ ಗುಂಪುಗೂಡುತ್ತಿದ್ದಾರೆ. ಅವರ ಹಿಂದೆ ಆಟೋಗಳು, ಆಟೋಗಳ ಹಿಂದೆ ಬೈಕುಗಳು. ಎಲ್ಲರೂ ಆಚೆ ಬದಿಯ ಜೀನ್ಸ್ ಕಾರ್ಖಾನೆಗಳನ್ನು ಹೊತ್ತಿಗೆ ಸರಿಯಾಗಿ ಸೇರಬೇಕು. ಬಳ್ಳಾರಿ ಕಡೆಯಿಂದ ಬರುವ ಲಾರಿಗಳಿಗೆ ಮಾತ್ರ ಇವರ್‍ಯಾರೂ ಕಾಣುವುದಿಲ್ಲ.

ಪೆದ್ದಣ್ಣ ಕೋಲೆತ್ತುತ್ತಾರೆ. ಲಾರಿ ಗೊಣಗುತ್ತಾ ನಿಲ್ಲುತ್ತದೆ. ಅಷ್ಟರಲ್ಲಿ ಆಟೋವೊಂದು ಮುಂದೆ ನುಗ್ಗುತ್ತದೆ.

"ಏಯ್, ಹಿಂದಕ್ಕ ತಗಿಯೋ ಆಟೋನ! ನಿನಗೇನ್ ಹೆರಿಗಿಗೆ ಟೈಮ್ ಆಗೈತೇನು? ಹೆಣ್ಮಕ್ಳು ಮೊದಲು ದಾಟ್ಲಿ."

ಹೆಂಗಸರು ನಗುತ್ತಾ ದಾಟುತ್ತಾರೆ. ಆಮೇಲೆ ಆಟೋಗಳ ಸರದಿ. ಹೀಗೆ ಸರದಿ ಹಚ್ಚದಿದ್ದರೆ ಎಂಟು ಗಂಟೆಯ ಹೊತ್ತಿಗೆ ಆಟೋ, ಬೈಕು, ಬಸ್ಸು, ಲಾರಿ ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡು, ಸಾಲು ಊರೊಳಗಿನ ಬಸ್ ನಿಲ್ದಾಣದವರೆಗೂ ಬೆಳೆಯುತ್ತದೆ. ರಸ್ತೆ ದಾಟಲು ಸರ್ಕಾರ ಅಂಡರ್‌ಪಾಸ್ ಕಟ್ಟಿಸಿಲ್ಲವೆಂದಲ್ಲ, ಕಟ್ಟಿಸಿದೆ. ಆದರೆ ಅದಿರುವುದು ಎರಡು ಕಿಲೋಮೀಟರ್ ದೂರದಲ್ಲಿ. ಬಿಸಿಲಿಗೆ ಅಲ್ಲಿ ಕುರಿಗಳು ಮಲಗುತ್ತವೆ.

ಪೆದ್ದಣ್ಣನವರಿಗೆ ಇದು ನೌಕರಿಯಲ್ಲ. ಅವರು ಕಾರ್ಖಾನೆಯೊಂದರ ರಾತ್ರಿ ಕಾವಲುಗಾರ. ಪಾಳಿ ಮುಗಿಸಿ ನೇರ ಇಲ್ಲಿಗೆ ಬರುತ್ತಾರೆ, ಒಂಬತ್ತಕ್ಕೆ ಮನೆಗೆ ಹೋಗಿ ಮಲಗುತ್ತಾರೆ. ಆಟೋದವರು ಚಹಾಕ್ಕೆಂದು ಕೊಡಲು ಬಂದರೆ ಕೈ ಮುಗಿದು ಬೇಡ ಅನ್ನುತ್ತಾರೆ. ಕಳೆದ ತಿಂಗಳು ಕಾರ್ಖಾನೆ ಮಾಲೀಕರು ಶಾಲು ಹೊದಿಸಿ ಸನ್ಮಾನ ಮಾಡಲು ವೇದಿಕೆ ಕಟ್ಟಿದರೆ, ಸನ್ಮಾನಿತರು ಫೋನ್ ಆರಿಸಿ ಕಣೇಕಲ್ಲಿನ ತಂಗಿಯ ಮನೆಯಲ್ಲಿ ಅಡಗಿ ಕುಳಿತಿದ್ದರು. ಎಂಥ ವಿನಯ ಎಂದು ಊರು ಹೊಗಳಿತು. ಆ ಹೊಗಳಿಕೆ ಕೇಳಿಯೇ ನಾನೂ ಪತ್ರಿಕೆಗೆ ಬರೆಯಲೆಂದು ಪೆನ್ನು ಹಿಡಿದು ಬಂದದ್ದು.

ಆದರೆ ಈ ಮನುಷ್ಯ ಹೊಗಳಿದಷ್ಟೂ ಕುಗ್ಗುತ್ತಾರೆ. ಫೋಟೋ ಅಂದರೆ ಮುಖ ತಿರುಗಿಸುತ್ತಾರೆ. ಎಲ್ಲರೂ ದಾಟಿದ ಮೇಲೆ ಕೊನೆಯಲ್ಲಿ ಊರುಗೋಲು ಹಿಡಿದ ಒಬ್ಬಾಕೆ ಬಂದಾಗಲಂತೂ ಅವರ ಕಣ್ಣು ನೆಲ ಬಿಟ್ಟು ಮೇಲೇಳುವುದಿಲ್ಲ. ಆಕೆಯ ಹೆಸರು ನಾಗವೇಣಿ. ಹೊಲಿಗೆ ಯಂತ್ರದ ಪೆಡಲು ತುಳಿಯುತ್ತಿದ್ದ ಆಕೆಯ ಬಲಗಾಲನ್ನು ನಾಲ್ಕು ವರ್ಷದ ಹಿಂದೆ ಇದೇ ಜಾಗದಲ್ಲಿ ಕಾರೊಂದು ಜಜ್ಜಿತು. ಆಗ ಡಿವೈಡರ್ ಇಡಿಯಾಗಿತ್ತು, ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಅದನ್ನು ಹತ್ತಿ ಇಳಿಯುತ್ತಿದ್ದರು. ಈಗ ಆಕೆ ಯಂತ್ರಕ್ಕೆ ಕೂರುವುದಿಲ್ಲ. ಹೊಲಿದ ಪ್ಯಾಂಟಿನ ದಾರ ಕತ್ತರಿಸುತ್ತಾಳೆ, ಅರ್ಧ ಕೂಲಿಗೆ. ಆ ಅಪಘಾತದ ಮರುವಾರ ಜನ ಡಿವೈಡರ್ ಒಡೆದರು. ಒಡೆದ ಮರುದಿನದಿಂದ ಪೆದ್ದಣ್ಣ ಇಲ್ಲಿ ನಿಂತಿದ್ದಾರೆ.

ಅವರದು ರಾಯದುರ್ಗದ ಪಕ್ಕದ ಹಳ್ಳಿ. ಮದುವೆಯಾದ ಹೊಸದರಲ್ಲಿ ಹೆಂಡತಿ ಶಂಕ್ರಮ್ಮನ ಜತೆ ಗುಳೆ ಹೋಗಿ, ಬೆಂಗಳೂರಿನಲ್ಲಿ ಕಾಂಕ್ರೀಟ್ ಹೊತ್ತರು. ಊರಲ್ಲಿ ಜೀನ್ಸ್ ಹೊಲಿಗೆ ಚಿಗುರಿದಾಗ ಮರಳಿ ಬಂದು ಕಾಲನಿಯಲ್ಲಿ ಮನೆ ಮಾಡಿದರು. "ಆಗ ಇದು ಸಣ್ಣ ರಸ್ತೆರಿ. ಎಲಿಅಡಿಕಿ ಹಾಕ್ಕಂತ, ಮಾತಾಡ್ಕಂತ ದಾಟ್ತಿದ್ವಿ" ಎನ್ನುತ್ತಾರೆ. ರಸ್ತೆ ಅಗಲ ಮಾಡುವ ಮಾತು ಬಂದದ್ದು ಆಮೇಲೆ. ಅಲ್ಲಿಗೆ ಬಂದೊಡನೆ ಅವರು ಬಾಯಿಗೆ ಬೀಗ ಹಾಕುತ್ತಾರೆ.

ಬೀಗ ತೆಗೆದದ್ದು ಶಂಕ್ರಮ್ಮ. ಮನೆಯಲ್ಲಿ ನನಗೆ ಚಹಾ ಕೊಟ್ಟು, ಗಂಡನ ಮುಂದೆ ಲೋಟ ಕುಕ್ಕಿ ಅಂದರು: "ಎಷ್ಟು ವರ್ಷ ನುಂಗ್ಕಂಡು ಕುಂದ್ರತಿ? ಹೇಳಿಬಿಡು. ಇಲ್ಲಾಂದ್ರ ಈ ಸಾರು ನಿನ್ನ ದೇವ್ರು ಅಂತ ಬರದು ಹೋಗ್ತಾರ. ಆಮೇಲ ಊಟ ಸೇರತೈತೇನು ನಿನಗ?"

ಪೆದ್ದಣ್ಣ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು.

ರಸ್ತೆ ಅಗಲ ಮಾಡುವ ಮುಂಚೆ ವಾಹನ ಎಣಿಸುವವರು ಬಂದಿದ್ದರಂತೆ. ಯಾವ ಕ್ರಾಸಿನಲ್ಲಿ ಎಷ್ಟು ಗಾಡಿ ದಾಟುತ್ತವೆಂದು ನೋಡಿ, ಎಲ್ಲಿ ಅಂಡರ್‌ಪಾಸ್ ಬೇಕೆಂದು ಗೊತ್ತು ಮಾಡುವುದಕ್ಕೆ. ಉತ್ತರ ಭಾರತದ ಕಡೆಯ ಒಬ್ಬ ಎಂಜಿನಿಯರ್, ಕಾಲನಿಯ ಕ್ರಾಸಿಗೆ ಸ್ಥಳೀಯ ಆಳು ಪೆದ್ದಣ್ಣ. ಛತ್ರಿ ಕೆಳಗೆ ಕುರ್ಚಿ. ಗಾಡಿ ದಾಟಿದರೆ ಒಂದು ಗೀಟು ಎಳೆಯುವುದು, ಅಷ್ಟೇ ಕೆಲಸ. ಆ ದಿನ ಮಣ್ಣೆತ್ತಿನ ಅಮಾವಾಸ್ಯೆ.

ನಮ್ಮ ಕಡೆಯ ಅಮಾವಾಸ್ಯೆ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಕಾರ್ಖಾನೆಗಳಿಗೆ ರಜೆ. ಯಂತ್ರಗಳಿಗೆ ವಿಭೂತಿ, ಬಾಗಿಲಿಗೆ ನಿಂಬೆಹಣ್ಣು. ಆಟೋದವರು ಗಾಡಿ ತೊಳೆದು ಪೂಜೆ ಮಾಡಿ ನಿಲ್ಲಿಸುತ್ತಾರೆ. ದಿನವೂ ಜಾತ್ರೆಯಂತಿರುವ ಕ್ರಾಸಿನಲ್ಲಿ ಅಂದು ನಾಯಿ ಮಲಗಿತ್ತು.

"ನಂಗ ಖುಷಿನಾ ಆತ್ರಿ" ಎಂದರು ಪೆದ್ದಣ್ಣ. "ಕೆಲಸ ಹಗುರ ಅಂತ. ಸಂಜಿಗೆ ಆ ಎಂಜಿನಿಯರ್ ಹಾಳಿ ನೋಡಿ ಕೇಳಿದ, ರೋಜ್ ಇಷ್ಟೇನಾ ಅಂತ. ಒಳ್ಳೆ ಹುಡುಗ, ಅವನಿಗೇನೋ ಅನುಮಾನ ಬಂದಿತ್ತು. ರೋಜ್ ಅಂದ್ರ ದಿನಾ ಅನ್ನೋದು ನಮಗ ತಿಳಿಯಲ್ಲೇನ್ರಿ? ಅಲ್ಲ ಅಂದ್ರ ನಾಳೆ ಮತ್ತ ಕುಂದ್ರಬೇಕು, ಆ ಗದ್ದಲದಾಗ ಎಣಿಸಬೇಕು. ಮನ್ಯಾಗ ಇಕಿ ಹೋಳಿಗಿ ಮಾಡಿದ್ಲು, ಆರಿ ಹೊಂಟಿದ್ವು. ಹ್ಞೂಂ ಅಂತ ತಲಿ ಅಲ್ಲಾಡಿಸಿಬಿಟ್ಟೆ."

ಹೀಗೆ ಎರಡು ಕಿಲೋಮೀಟರ್ ಆಚೆ ಹೋದ ಅಂಡರ್‌ಪಾಸ್ ಕುರಿಗಳ ಪಾಲಾಯಿತು.

ಅಂದು ಬೈಕಿನಲ್ಲಿ ಹಾದು ಹೋದವರು ಕಡಿಮೆಯೇನಲ್ಲ ಎಂದು ಶಂಕ್ರಮ್ಮ ಸೇರಿಸಿದರು. ಮಾಲೀಕರು, ಅಂಗಡಿಯವರು, ಊರಿನ ಮುಖಂಡರು ಎಲ್ಲರೂ ಛತ್ರಿ ನೋಡಿ, "ಅಮಾಸಿ ದಿನ ಎಣಿಸಾಕ ಕುಂತಾರ ನೋಡ್ರಪ್ಪ" ಎಂದು ನಕ್ಕು ಹೋದರಂತೆ. ಒಬ್ಬರೂ ಗಾಡಿ ನಿಲ್ಲಿಸಲಿಲ್ಲ. ಅವರಲ್ಲೇ ಕೆಲವರು ಮೊನ್ನೆ ಶಾಲು ಹಿಡಿದು ವೇದಿಕೆಯ ಮೇಲಿದ್ದರು. ಇದನ್ನು ಬರೆಯುವಾಗ ನನಗೆ ನಮ್ಮೂರಿನ ಬಗ್ಗೆಯೇ ನಾಚಿಕೆಯಾಗುತ್ತದೆ. ತಪ್ಪು ಕಣ್ಣಿಗೆ ಕಂಡರೂ ನಗೆಯಾಡಿ ಮುಂದೆ ಹೋಗುವ ಚಾಳಿ ನಮ್ಮದು.

ಒಬ್ಬರು ಎಳೆದ ಗೀಟಿನಿಂದಲೇ ರಸ್ತೆ ತೀರ್ಮಾನ ಆಗುವುದಿಲ್ಲ, ದೊಡ್ಡವರ ಲೆಕ್ಕ ಬೇರೆ ಇರುತ್ತದೆ ಎಂದು ನಾನು ಸಮಾಧಾನ ಹೇಳಿದೆ.

"ಇರಬಹುದ್ರಿ. ತಲಿ ಅಲ್ಲಾಡಿಸಿದ್ದು ನಂದಾ ಅಲ್ಲೇನ್ರಿ?" ಎಂದರು.

ಕಾಲನಿಯವರು ಕೊಟ್ಟ ಅರ್ಜಿಗಳಿಗೆ ಕೊನೆಗೂ ಫಲ ಸಿಕ್ಕಿದೆ. ಬರುವ ತಿಂಗಳು ಇನ್ನೊಮ್ಮೆ ವಾಹನ ಎಣಿಸುತ್ತಾರೆ. ಅನುಭವಸ್ಥ ಎಂದು ಮಾಲೀಕರು ಪೆದ್ದಣ್ಣನನ್ನೇ ಕೂರಿಸುವ ಮಾತಾಡಿದರು. ಅವರು ಒಲ್ಲೆ ಎಂದರು. ಅವರಿಗಿರುವ ಚಿಂತೆ ಬೇರೆ. ಆ ಅಮಾವಾಸ್ಯೆಯ ಸಂಗತಿ ನಾಗವೇಣಿಗೆ ಗೊತ್ತಿಲ್ಲ. ದಿನವೂ ತನ್ನನ್ನು ಕಾಯುವ ಮಾಮನೆಂದು ದೀಪಾವಳಿಗೆ ಆಕೆ ಅವರಿಗೆ ಅಂಗಿ ಹೊಲಿಸಿ ಕೊಟ್ಟಿದ್ದಾಳೆ. ಅವರು ಒಂದು ದಿನವೂ ಅದನ್ನು ಹಾಕಿಕೊಂಡಿಲ್ಲ.

"ಪೇಪರ್‌ನಾಗ ಓದಿ ಅಕಿಗೆ ತಿಳಿಬಾರ್ದು ಸಾರ್. ನಾಳೆ ನಾನಾ ಹೇಳ್ತೀನಿ. ಆಮೇಲ ನೀವು ಬರೀರಿ."

ಮರುದಿನ ಬೆಳಿಗ್ಗೆ ನಾನು ಸ್ವಲ್ಪ ದೂರದಲ್ಲಿ ನಿಂತೆ. ಎಲ್ಲರೂ ದಾಟಿದರು. ನಾಗವೇಣಿ ಬಂದಾಗ ಪೆದ್ದಣ್ಣ ಕೋಲೆತ್ತಲಿಲ್ಲ. ಅದನ್ನು ಡಿವೈಡರಿಗೆ ಒರಗಿಸಿ, ಅಪರಾಧಿಯಂತೆ ಎರಡೂ ಕೈ ಕಟ್ಟಿ ನಿಂತು ಎಲ್ಲವನ್ನೂ ಹೇಳಿದರು. ಅಮಾವಾಸ್ಯೆ, ಎಂಜಿನಿಯರನ ಪ್ರಶ್ನೆ, ತಾನು ತಲೆಯಾಡಿಸಿದ್ದು, ಮನೆಯಲ್ಲಿ ಆರುತ್ತಿದ್ದ ಹೋಳಿಗೆ, ಒಂದನ್ನೂ ಬಿಡಲಿಲ್ಲ. ಆಕೆ ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಕೇಳುತ್ತಿದ್ದಳು. ಅಳಲಿಲ್ಲ, ಬಯ್ಯಲಿಲ್ಲ.

"ಹೋಳಿಗಿ ಹೆಂಗಿದ್ವು ಮಾಮ?" ಎಂದಳು.

"ಚಲೋ ಇದ್ವವ್ವಾ" ಎಂದರು ಪೆದ್ದಣ್ಣ. ಸುಳ್ಳು ಹೇಳಲು ಅವರಿಗೆ ಆಗಲಿಲ್ಲ.

ಆಕೆ ರಸ್ತೆಯ ಎರಡೂ ಕಡೆ ತಾನೇ ನೋಡಿಕೊಂಡು, ಲಾರಿಯೊಂದು ಹಾದುಹೋಗುವವರೆಗೆ ಕಾದು, ತನ್ನ ಪಾಡಿಗೆ ದಾಟಿದಳು. ಪೆದ್ದಣ್ಣ ಕೋಲು ಹಿಡಿಯಲು ಕೈ ಚಾಚಿದ್ದರು, ಹಿಡಿಯಲಿಲ್ಲ. ಆಚೆ ಬದಿ ಮುಟ್ಟಿದ ಮೇಲೂ ಆಕೆ ತಿರುಗಿ ನೋಡಲಿಲ್ಲ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹತ್ತಿರ ಹೋಗಿ, ಬೇಕಿದ್ದರೆ ಹೆಸರು ಬದಲಿಸಿ ಬರೆಯುತ್ತೇನೆ ಎಂದೆ.

"ನನ್ನ ಹೆಸರಾ ಹಾಕ್ರಿ" ಎಂದರು ಪೆದ್ದಣ್ಣ, ಆಕೆ ಹೋದ ದಿಕ್ಕನ್ನೇ ನೋಡುತ್ತಾ. "ಮತ್ತ ಎಣಿಸಾಕ ಬರೋರಿಗೆ ಒಂದು ಮಾತು ಬರೀರಿ ಸಾರ್. ಕುರ್ಚಿ ಮ್ಯಾಲೆ ಕುಂತೋನ್ನ ಕೇಳಬ್ಯಾಡ್ರಿ, ದಿನಾ ದಾಟೋ ಅಕೀನ ಕೇಳ್ರಿ ಅಂತ."