ಖಾಲಾ ಹಿತ್ತಲಿನ ದಿಮ್ಮಿ ಮನೆ

ನನ್ನ ಗಂಡನ ಕೆಲಸ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಅವರು ಕ್ವಾಲಿಟಿ ಇನ್‌ಸ್ಪೆಕ್ಟರ್. ಗೋಡೆ ಒಂಚೂರು ವಾಲಿದ್ದರೆ, ಟೈಲ್ಸಿನ ಕೆಳಗೆ ಟೊಳ್ಳು ಸದ್ದು ಬಂದರೆ, ಕೆಂಪು ಚಾಕ್‌ನಲ್ಲಿ ಗುರುತು ಹಾಕಿ ಕಿತ್ತು ಮತ್ತೆ ಮಾಡಿಸುವವರು. ಮದುವೆಯಾದ ಹೊಸತರಲ್ಲಿ ನನ್ನ ನೀರುದೋಸೆಗೂ ಗುರುತು ಹಾಕುತ್ತಾರೋ ಎಂದು ಹೆದರಿದ್ದೆ. ಹಾಗೇನೂ ಆಗಲಿಲ್ಲ. ಮನೆಯೊಳಗೆ ಇವರು ಯಾವುದನ್ನೂ ಗಮನಿಸದ ಮನುಷ್ಯ. ದುಬೈಯ ಅಲ್ ಮುರಕ್ಕಬಾತಿನ ನಮ್ಮ ಫ್ಲ್ಯಾಟಿನಲ್ಲಿ ಸದಾ ತೊಟ್ಟಿಕ್ಕುತ್ತಿದ್ದ ನಲ್ಲಿಯ ಎದುರಿಗೇ ನಿಂತು ವರ್ಷಗಟ್ಟಲೆ ಹಲ್ಲುಜ್ಜಿದವರು.

ಅದು ಬದಲಾದದ್ದು ಕಂಪನಿ ಇವರನ್ನು ಅಬುಧಾಬಿಯ ಸೈಟಿಗೆ ಕಳಿಸಿದ ಮೇಲೆ. ಎರಡು ಸಾವಿರದ ಹತ್ತರ ನಂತರದ ವರ್ಷಗಳು ಅವು. ನನಗೂ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು, ಮಗಳಿಗೆ ಅದೇ ಶಾಲೆಯಲ್ಲಿ ಸೀಟು. ಮನೆ ಹುಡುಕುತ್ತಾ ಊರಿಂದ ಆಚೆಯ ಒಂದು ಹಳೆಯ ವಿಲ್ಲಾಕ್ಕೆ ಹೋದೆವು. ಮುಂದಿನ ದೊಡ್ಡ ಮನೆಯಲ್ಲಿ ವಯಸ್ಸಾದ ಎಮಿರಾಟಿ ಹೆಂಗಸು ಒಬ್ಬರು ಕೆಲಸದವಳ ಜೊತೆ ಇದ್ದರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರನ್ನು ನಾವು ಮೊದಲ ದಿನದಿಂದಲೇ ಖಾಲಾ, ಅಂದರೆ ಚಿಕ್ಕಮ್ಮ, ಎಂದೆವು. ಅವರ ಮಾತು ಅರ್ಧ ಹಿಂದಿ, ಅರ್ಧ ಅರಬಿ. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಬಾಡಿಗೆಗೆ ಇದ್ದದ್ದು ಹಿತ್ತಲಿನಲ್ಲಿ. ಖರ್ಜೂರದ ಮರಗಳ ಹಿಂದೆ ಒಂದು ದಿಮ್ಮಿ ಮನೆ. ನಿಜವಾದ ದಿಮ್ಮಿಗಳು, ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ಮೂಲೆಯಲ್ಲಿ ಕಚ್ಚು ಕೊರೆದು ಕೂರಿಸಿದವು. ಇಳಿಜಾರು ಮಾಡು, ಸಣ್ಣ ಜಗಲಿ. ಖಾಲಾ ಗಂಡ ಚಿಕಿತ್ಸೆಗೆಂದು ಜರ್ಮನಿಗೆ ಹೋಗಿದ್ದಾಗ ಆಸ್ಪತ್ರೆಯ ಕಿಟಕಿಯಿಂದ ಇಂಥದ್ದೊಂದು ಮನೆ ಕಂಡು, ಅದು ತನಗೂ ಬೇಕೆಂದು ಕಂಟೇನರಿನಲ್ಲಿ ತರಿಸಿದ್ದರಂತೆ. ಈಗ ಬೀಗ ಹಾಕಿ ಬಿಟ್ಟಿದ್ದರಿಂದ ದಿಮ್ಮಿಗಳು ಒಣಗಿ ಬಿರಿದಿದ್ದವು. ನಡುವಿನ ಸಂದುಗಳಲ್ಲಿ ಬಿಸಿಲು ಗೆರೆ ಗೆರೆಯಾಗಿ ಒಳಗೆ ಬೀಳುತ್ತಿತ್ತು. ನೆಲದ ಮೇಲೆ ಪಾದ ಹೂತುಹೋಗುವಷ್ಟು ಮರಳು.

"ರಿಪೇರಿ ಮಾಡಿಕೊಂಡು ಇರಿ, ಬಾಡಿಗೆ ಕಡಿಮೆ ಮಾಡುತ್ತೇನೆ. ಆದರೆ ಬಣ್ಣ ಬಳಿಯಬೇಡಿ, ಮರ ಮರದ ಹಾಗೇ ಕಾಣಬೇಕು," ಎಂದರು ಖಾಲಾ.

ನನಗೆ ಆಗಲೇ ಬೇಡವಾಗಿತ್ತು. ಇವರು ಮಾತ್ರ ಒಂದು ದಿಮ್ಮಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು, ಇನ್ನೊಂದನ್ನು ತಟ್ಟಿದರು, ಕೊನೆಗೆ ಕೈಯಗಲಿಸಿ ಸವರಿದರು. ಇಪ್ಪತ್ತು ವರ್ಷ ಕಾಂಕ್ರೀಟನ್ನು ಮುಟ್ಟಿದ ಕೈ ಅದು.

"ಎರಡು ತಿಂಗಳು ಸಾಕು ಮಾರಾಯ್ತಿ. ಸಂದು ಮುಚ್ಚುವುದು, ನೆಲದ ಹಲಗೆ ಸರಿ ಮಾಡುವುದು. ಮತ್ತೆಂತ ಉಂಟು ಅದರಲ್ಲಿ?"

ಆ ಎರಡು ತಿಂಗಳಿಗೆಂದು ಖಾಲಾ ತಮ್ಮ ಕಾಂಪೌಂಡಿನ ಮೂಲೆಯಲ್ಲಿದ್ದ ಡ್ರೈವರ್ ಕೋಣೆಯನ್ನು ಬಿಟ್ಟುಕೊಟ್ಟರು. ಒಂದೇ ಕೋಣೆ, ಒಂದು ಒಲೆ, ಗುರುಗುಟ್ಟುವ ಹಳೆಯ ಕಿಟಕಿ ಎಸಿ. ಮುರಕ್ಕಬಾತಿನಿಂದ ತಂದ ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ ಪೇರಿಸಿದೆ. ನನ್ನ ಗ್ರೈಂಡರ್ ಕೆಳಗಿನ ಪೆಟ್ಟಿಗೆಯಲ್ಲಿ ಸಿಕ್ಕಿಬಿತ್ತು.

ಸಾಮಾನು ತಂದುಕೊಡುತ್ತಿದ್ದವರು ದುಬೈಯ ನೈಫ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ನಮ್ಮ ಸ್ನೇಹಿತರು, ಉಳ್ಳಾಲ ಕಡೆಯ ಬ್ಯಾರಿ. ಶುಕ್ರವಾರ ನಮಾಜು ಮುಗಿಸಿ ಊಟಕ್ಕೆ ಬರುವಾಗ ವ್ಯಾನಿನ ಹಿಂದೆ ಏನಾದರೂ ಇರುತ್ತಿತ್ತು. ಮೊದಲು ತಂದದ್ದು ಸಿಲಿಕಾನ್ ಟ್ಯೂಬುಗಳ ಡಬ್ಬ.

"ಇದು ಹಾಕಿ ನೋಡಿ ಮಾರ್ರೆ. ಸ್ವಿಮ್ಮಿಂಗ್ ಪೂಲಿಗೇ ಹಾಕ್ತಾರೆ. ಮತ್ತೆ ಆ ಕಡೆ ತಿರುಗಿ ನೋಡುವುದು ಬೇಡ."

ಚಳಿಗಾಲದ ಎಲ್ಲ ಶುಕ್ರವಾರಗಳೂ ಶನಿವಾರಗಳೂ, ಅಲ್ಲಿ ಅವೇ ವಾರದ ರಜೆ, ಇವರು ಏಣಿ ಹತ್ತಿ ಸಂದು ತುಂಬಿದರು. ತುಂಬಿ ಮುಗಿದ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು. ಜೇಬಿನಿಂದ ಕೆಂಪು ಚಾಕ್. ತಮ್ಮದೇ ಕೆಲಸಕ್ಕೆ ತಾವೇ ಗುರುತು ಹಾಕಿ, ಮುಂದಿನ ವಾರ ಅದನ್ನು ಕೆರೆದು ತೆಗೆದು ಮತ್ತೆ ತುಂಬುವರು. ಹೀಗೆ ಒಂದು ಗೋಡೆ ಮುಗಿಯುವಷ್ಟರಲ್ಲಿ ಮಾರ್ಚ್ ಬಂತು. ಮರಳುಗಾಳಿಯೂ ಬಂತು. ಗಾಳಿ ನಿಂತ ಮೇಲೆ ಹೋಗಿ ನೋಡಿದರೆ ದಿಮ್ಮಿಗಳು ಇನ್ನಷ್ಟು ಸೊರಗಿ, ಸಿಲಿಕಾನ್ ಹಾವಿನ ಪೊರೆಯ ಹಾಗೆ ಉದ್ದುದ್ದಕ್ಕೆ ಎದ್ದು ನೇತಾಡುತ್ತಿತ್ತು. ಇವರು ಒಂದು ತುದಿ ಹಿಡಿದು ಎಳೆದರು. ಇಡೀ ಗೋಡೆಯ ಉದ್ದಕ್ಕೂ ಅದು ಒಂದೇ ಎಳೆಯಾಗಿ ಕೈಗೆ ಬಂತು.

ಅಂಗಡಿಯ ಸ್ನೇಹಿತರು ಅದನ್ನು ನೋಡಿ ತಲೆ ತುರಿಸಿಕೊಂಡರು. "ಪೂಲ್ ಅಲುಗಾಡುವುದಿಲ್ಲ ಅಲ್ವಾ. ಇದು ಜೀವ ಇದ್ದ ಹಾಗೆ ಉಂಟು," ಎಂದಷ್ಟೇ ಹೇಳಿ ಊಟಕ್ಕೆ ಕೂತರು.

ಖಾಲಾ ತಂದೆಗೆ ಹಿಂದೆ ದೋಣಿಗಳಿದ್ದವಂತೆ. ಹಲಗೆಯ ಸಂದಿಗೆ ಹತ್ತಿಯ ಹುರಿ ಹೊಸೆದು, ಮೀನೆಣ್ಣೆಯಲ್ಲಿ ಅದ್ದಿ ಬಡಿದರೆ ಸಮುದ್ರವೇ ಒಳಗೆ ಬರುವುದಿಲ್ಲ, ಮರಳು ಯಾವ ಲೆಕ್ಕ ಎಂದರು ಖಾಲಾ. ಅದೂ ಆಗಲಿ ಎಂದು ನಾವು ಅಲ್ ಮೀನಾ ಬಂದರಿನ ಮೀನು ಮಾರ್ಕೆಟ್ಟಿಗೆ ಹೋಗಿ, ಬಂಗುಡೆ ತೆಗೆದುಕೊಂಡು, ಹಾಗೆಯೇ ದೋಣಿಗಳ ಕಡೆ ವಿಚಾರಿಸಿ ಹುರಿ, ಎಣ್ಣೆ ತಂದೆವು. ಹುರಿ ಚೆನ್ನಾಗಿ ನಿಂತಿತು. ಆದರೆ ಬಿಸಿಲೇರಿದಂತೆ ಗೋಡೆಯೇ ಮೀನು ಮಾರ್ಕೆಟ್ಟಿನ ಹಾಗೆ ನಾರತೊಡಗಿತು. ಮಗಳು ಮೂಗು ಮುಚ್ಚಿಕೊಂಡು, "ಐ ಆಮ್ ನಾಟ್ ಲಿವಿಂಗ್ ಇನ್ ದಿಸ್," ಎಂದಳು. ನಾನು ಅವಳ ಪಕ್ಷ. ಇವರು ಹುರಿಯನ್ನೆಲ್ಲ ಕಿತ್ತರು. ಎಣ್ಣೆಯಿಲ್ಲದ ಹುರಿ ಹೊಸೆದು, ಮರದ ಹೊಟ್ಟು ಅಂಟು ಕಲಸಿ, ಮತ್ತೆ ಮೊದಲ ದಿಮ್ಮಿಯಿಂದ ಶುರು ಮಾಡಿದರು.

ಖಾಲಾ ಆ ರಜಾದಿನಗಳ ಸಂಜೆ ಪ್ಲಾಸ್ಟಿಕ್ ಕುರ್ಚಿ ತರಿಸಿ ಎದುರಿಗೆ ಕೂತು ನೋಡುತ್ತಿದ್ದರು. ತಮ್ಮ ಎಣ್ಣೆ ಸೋತದ್ದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ. ನನಗೆ ಮಾತ್ರ ಬೇಸರ ಕುತ್ತಿಗೆಗೆ ಬಂದಿತ್ತು. ಆ ವರ್ಷ ಮನೆ ಮುಗಿಸಬೇಕೆಂದು ಬೇಸಿಗೆ ರಜೆಗೆ ಊರಿಗೂ ಹೋಗಿರಲಿಲ್ಲ. ಒಂದು ದಿನ ಟೀ ಕೊಡುವಾಗ ಕೇಳಿಯೇಬಿಟ್ಟೆ.

"ನೀವು ಸೈಟಿನಲ್ಲಿ ಬೇರೆಯವರ ಕೆಲಸ ಪಾಸ್ ಮಾಡ್ತೀರಿ ಅಲ್ವಾ? ನಿಮ್ಮ ಕೆಲಸ ಮಾತ್ರ ಯಾಕೆ ಪಾಸ್ ಆಗುವುದಿಲ್ಲ?"

ಇವರು ಏಣಿಯ ಮೇಲಿಂದಲೇ ಕೈಚಾಚಿ ಟೀ ತೆಗೆದುಕೊಂಡರು. "ಅಲ್ಲಿ ಡ್ರಾಯಿಂಗ್ ಉಂಟು. ಎಷ್ಟು ಹೆಚ್ಚುಕಡಿಮೆ ಆದರೂ ನಡೀತದೆ ಅಂತ ಅದರಲ್ಲೇ ಬರೆದಿರ್ತದೆ. ಇಲ್ಲಿ ಇಷ್ಟು ಸಾಕು ಅಂತ ಹೇಳುವವರು ಯಾರು?"

ಗಂಡನನ್ನು ತೀರಾ ಹಟಮಾರಿ ಎಂದುಕೊಂಡಿದ್ದೆ. ಅಷ್ಟು ವರ್ಷ ಬೇರೆಯವರ ಅಳತೆಯ ಮೇಲೆ ಬದುಕಿದ ಮನುಷ್ಯನಿಗೆ ತನ್ನದೇ ಅಳತೆ ಹಾಕಿಕೊಳ್ಳಲು ಹೆದರಿಕೆ ಇರಬಹುದು ಎಂದು ಆವತ್ತು ಮೊದಲ ಬಾರಿ ಅನ್ನಿಸಿತು. ಆದರೂ ಗ್ರೈಂಡರ್ ಪೆಟ್ಟಿಗೆಯಲ್ಲೇ ಇತ್ತು, ಸಿಟ್ಟು ಪೂರ್ತಿ ಇಳಿಯಲಿಲ್ಲ.

ಆಗಸ್ಟ್ ಬಂತು. ಅಬುಧಾಬಿಯ ಆಗಸ್ಟೆಂದರೆ ಬಿಸಿಲಿಗಿಂತ ಬೆವರು. ಗಾಳಿಯಲ್ಲಿನ ನೀರನ್ನೆಲ್ಲ ಕುಡಿದು ದಿಮ್ಮಿಗಳು ಉಬ್ಬಿದವು. ಜನವರಿಯಲ್ಲಿ ಇವರು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಾಗೆ ಕೂರಿಸಿದ್ದ ಮುಂಬಾಗಿಲು ಈಗ ಚೌಕಟ್ಟಿನೊಳಗೆ ಹೋಗಲೇ ಒಪ್ಪಲಿಲ್ಲ. ಇವರು ಬಾಗಿಲು ಕಳಚಿ ಜಗಲಿಗೆ ಒರಗಿಸಿ, ಹತ್ರಿ ಹೊಡೆದು ಅಂಚು ಹೆರೆಯುವುದೋ ಬೇಡವೋ ಎಂದು ಯೋಚಿಸುತ್ತಾ ಒಂದು ವಾರ ಕಳೆದರು. ಈಗ ಹತ್ರಿ ಹೊಡೆದು ಇಳಿಸಿದರೆ ಚಳಿಗಾಲದಲ್ಲಿ ಸಂದು ಬೀಳುತ್ತದೆ. ಹೊಡೆಯದಿದ್ದರೆ ಈಗ ಮುಚ್ಚುವುದಿಲ್ಲ.

ಆ ಗುರುವಾರ ಮಧ್ಯಾಹ್ನ ಡ್ರೈವರ್ ಕೋಣೆಯ ಎಸಿ ಒಮ್ಮೆ ಜೋರಾಗಿ ಕೆಮ್ಮಿ ನಿಂತೇಹೋಯಿತು. ಇವರು ಸೈಟಿನಲ್ಲಿದ್ದರು. ಫೋನ್ ಮಾಡಿದ ಮೆಕ್ಯಾನಿಕ್ ಶನಿವಾರ ಬರುತ್ತೇನೆಂದ. ಸ್ವಲ್ಪ ಹೊತ್ತಿನಲ್ಲಿ ಮಗಳ ಮುಖ ಕೆಂಪೇರಿತು. ಅವಳ ತಲೆಗೆ ಒದ್ದೆ ಬಟ್ಟೆ ಕಟ್ಟುತ್ತಿರುವಾಗ ಖಾಲಾ ಬಾಗಿಲಲ್ಲಿ ನಿಂತರು.

"ಖಾಲಾ, ಎಸಿ ಮಾಫಿ, ಕೆಟ್ಟುಹೋಯಿತು," ಎಂದೆ.

ಅವರು ಕೋಣೆಯನ್ನೂ ಪೆಟ್ಟಿಗೆಗಳನ್ನೂ ಒಮ್ಮೆ ನೋಡಿದರು. ನಮ್ಮನ್ನು ದೊಡ್ಡ ಮನೆಗೆ ಕರೆಯುತ್ತಾರೆ ಎಂದುಕೊಂಡೆ. ಅವರು ಕೆಲಸದವಳನ್ನು ಕೂಗಿ, ಹಾಸಿಗೆಯ ಒಂದು ತುದಿಗೆ ತಾವೇ ಕೈಹಾಕಿದರು.

"ಯಲ್ಲಾ ಬಿಂತಿ, ಬಾ ಮಗಳೇ, ಹಿಡಿ. ಆ ಮನೆಗೆ ಎಸಿ ಕೂರಿಸಿ ಆಗಿದೆಯಲ್ಲ."

"ಅದು ಇನ್ನೂ ಆಗಿಲ್ಲ ಖಾಲಾ. ಬಾಗಿಲೇ ಇಲ್ಲ."

"ಬಾಗಿಲು ಇಲ್ಲದಿದ್ದರೆ ಒಳಗೆ ಹೋಗುವುದು ಸುಲಭ," ಎಂದರು.

ಮೂರು ಹೆಂಗಸರೂ ಒಂದು ಹುಡುಗಿಯೂ ಸೇರಿ ಹಾಸಿಗೆ, ಒಲೆ, ಕೊನೆಗೆ ನನ್ನ ಪೆಟ್ಟಿಗೆಗಳನ್ನು ಖರ್ಜೂರದ ಮರಗಳ ಹಿಂದೆ ಸಾಗಿಸಿದೆವು. ಬಾಗಿಲಿನ ಜಾಗಕ್ಕೆ ಖಾಲಾ ಮನೆಯ ದಪ್ಪ ಪರದೆ ಕಟ್ಟಿದೆವು. ಇವರು ಬರುವಾಗ ನಾನು ಮರದ ಹೊಟ್ಟು ಗುಡಿಸಿ, ನೆಲದ ಮೇಲೆ ಕೂತು ಅವಲಕ್ಕಿ ಕಲಸುತ್ತಿದ್ದೆ. ಪರದೆ ಸರಿಸಿ ನಿಂತವರು ಹೆಲ್ಮೆಟ್ ತೆಗೆಯುವುದನ್ನೂ ಮರೆತರು.

"ಇದು ಇನ್ನೂ ಆಗಿಲ್ಲ," ಎಂದರು, ಯಾರಿಗೆ ಎಂದಿಲ್ಲದೆ.

"ಗೊತ್ತುಂಟು. ಕೈಕಾಲು ತೊಳೆದು ಬನ್ನಿ," ಎಂದೆ.

ಮಾರನೆಯ ಬೆಳಿಗ್ಗೆ ಖಾಲಾ ಫ್ಲಾಸ್ಕಿನಲ್ಲಿ ಗಾವಾ ಕಾಫಿ ತಂದು ಜಗಲಿಯಲ್ಲಿ ಕೂತರು. ನಿದ್ದೆ ಬಂತೇ ಎಂದು ಕೇಳಲಿಲ್ಲ. "ಗೋಡೆ ಸದ್ದು ಮಾಡಿತೇ?" ಎಂದು ಕೇಳಿದರು.

ಮಾಡಿತ್ತು. ಎಸಿಯ ತಂಪಿಗೆ ದಿಮ್ಮಿಗಳು ಅಲ್ಲೊಮ್ಮೆ ಇಲ್ಲೊಮ್ಮೆ ಟಕ್ ಎನ್ನುತ್ತಿದ್ದವು, ಯಾರೋ ಬೆರಳು ನೆಟಿಗೆ ಮುರಿದ ಹಾಗೆ. ಹಾಗೆಂದು ಇವರು ಹೇಳಿದಾಗ ಖಾಲಾ ಎರಡೆರಡು ಸಲ ಕೇಳಿದರು. ಯಾವ ಕಡೆಯಿಂದ? ಜೋರಾಗಿಯೋ ಮೆಲ್ಲಗೋ?

"ಯಾಕೆ ಖಾಲಾ, ನಿಮಗೆ ಗೊತ್ತಿಲ್ಲವಾ?" ಎಂದೆ.

"ಇಂಥ ಮನೆ ರಾತ್ರಿ ಮಾತಾಡುತ್ತದೆ ಎಂದು ಜರ್ಮನಿಯಲ್ಲಿ ಯಾರೋ ನಮ್ಮವರಿಗೆ ಹೇಳಿದ್ದರಂತೆ. ಆ ಸದ್ದನ್ನು ನಾವು ಕೇಳಲೇ ಇಲ್ಲ. ಕಿಟಕಿ ಸರಿಯಿಲ್ಲ, ದೀಪ ಬರಬೇಕು, ಕಾರ್ಪೆಟ್ ಬರಬೇಕು. ಎಲ್ಲ ಆದ ಮೇಲೆ ಮಲಗೋಣ ಎನ್ನುತ್ತಿದ್ದರು. ಅಷ್ಟರಲ್ಲಿ ಅವರಿಗೆ ಮತ್ತೆ ಹುಷಾರು ತಪ್ಪಿತು. ಖಲಾಸ್. ನಿನ್ನೆಯವರೆಗೆ ಅದರೊಳಗೆ ಯಾರೂ ಮಲಗಿಲ್ಲ."

ಫಿಂಜಾನ್ ಬಟ್ಟಲಿಗೆ ಕಾಫಿ ಬಗ್ಗಿಸಿ ಇವರ ಕೈಗೆ ಕೊಟ್ಟರು. ಇವರು ಅದನ್ನು ಹಿಡಿದುಕೊಂಡು ಒರಗಿಸಿಟ್ಟ ಬಾಗಿಲನ್ನೇ ನೋಡುತ್ತಿದ್ದರು. ಕಾಫಿ ಮುಗಿಸಿ ಎದ್ದವರು ಹತ್ರಿ ತಂದರು. ಕೆಳಗಿನ ಅಂಚು, ಬದಿಯ ಅಂಚು, ಧಾರಾಳವಾಗಿಯೇ ಇಳಿಸಿದರು. ಸಂಜೆಯೊಳಗೆ ಬಾಗಿಲು ಮುಚ್ಚಿತು. ಚಳಿಗಾಲಕ್ಕೆ ಸಂದು ಬೀಳುತ್ತದಲ್ಲ ಎಂದು ನಾನೇ ನೆನಪಿಸಿದೆ.

"ಬೀಳ್ತದೆ. ಆಗ ರಬ್ಬರ್ ಪಟ್ಟಿ ಹಾಕುವ. ಬೇಸಿಗೆಗೆ ತೆಗೆಯುವ," ಎಂದರು.

ನಾವು ಡ್ರೈವರ್ ಕೋಣೆಗೆ ಮತ್ತೆ ಹೋಗಲಿಲ್ಲ. ಎಸಿ ರಿಪೇರಿಯಾದ ಮೇಲೂ ಹೋಗಲಿಲ್ಲ. ಕೆಲಸ ಮುಗಿಯಿತು ಎಂದಲ್ಲ. ಬಚ್ಚಲಿನ ಗೋಡೆ ಬಾಕಿ, ಅಡುಗೆ ಕಟ್ಟೆಯ ಮೇಲಿನ ಶೆಲ್ಫ್ ಬಾಕಿ, ನಡೆಯುವಾಗ ಒಂದು ಹಲಗೆ ಕುಂಯ್ ಎನ್ನುತ್ತಿತ್ತು. ಇವರು ಈಗಲೂ ಟಾರ್ಚ್ ಹಿಡಿದು ಸುತ್ತು ಹಾಕುತ್ತಿದ್ದರು. ಆದರೆ ಮಾಡಿದ್ದನ್ನು ಕೀಳುವುದು ನಿಂತಿತು. ಅದು ಖಾಲಾ ಮಾತಿನಿಂದಲೋ, ನನ್ನ ಪಾತ್ರೆಗಳೆಲ್ಲ ಆಗಲೇ ಹರಡಿಕೊಂಡಿದ್ದರಿಂದಲೋ, ನಾನು ಕೇಳಲಿಲ್ಲ.

ಮರುವರ್ಷ ರಜೆಗೆ ಊರಿಗೆ ಹೋಗುವಾಗ ಬೀಗದ ಕೈ ಖಾಲಾಗೆ ಕೊಟ್ಟು ಹೋದೆವು. ತಿರುಗಿ ಬಂದಾಗ ಅವರ ಮುಖದಲ್ಲಿ ಏನೋ ಲವಲವಿಕೆ. ನಾವಿಲ್ಲದಾಗ ಮೂರು ನಾಲ್ಕು ರಾತ್ರಿ ಅಲ್ಲೇ ಮಲಗಿದ್ದೆ ಎಂದರು, ಸ್ವಲ್ಪ ನಾಚಿಕೊಂಡು. ಗೋಡೆ ಸದ್ದು ಮಾಡಿತೇ ಎಂದು ಈ ಸಲ ನಾನು ಕೇಳಿದೆ. ಅವರು ಹೌದೆಂದು ತಲೆಯಾಡಿಸಿ, ನಿಮ್ಮ ದಿಂಬು ಬಹಳ ಎತ್ತರ ಎಂದು ದೂರು ಹೇಳಿದರು.

ಅಲ್ಲಿಂದ ಮುಂದೆ ಅದು ಅವರ ಅಭ್ಯಾಸವಾಯಿತು. ಮಧ್ಯಾಹ್ನದ ನಮಾಜು ಮುಗಿಸಿ ಬಂದು ಕಿಟಕಿಯ ಪಕ್ಕದ ದಿವಾನದ ಮೇಲೆ ಒಂದು ನಿದ್ದೆ ತೆಗೆಯುವರು. ನಾನು ಅವರಿಗೆಂದೇ ತೆಳ್ಳನೆಯ ದಿಂಬು ತಂದಿಟ್ಟೆ. ಇವರಿಗೆ ಬಿಡುವಿದ್ದದ್ದು ಶುಕ್ರವಾರ ಶನಿವಾರ ಮಾತ್ರ. ಆ ಎರಡು ದಿನವೂ ಊಟದ ಮೇಲೆ ಡ್ರಿಲ್ ಮುಟ್ಟುವಂತಿರಲಿಲ್ಲ, ಸುತ್ತಿಗೆ ಎತ್ತುವಂತಿರಲಿಲ್ಲ. ಬಚ್ಚಲಿನ ಗೋಡೆಯ ಕೆಲಸ ಇನ್ನೂ ನಿಧಾನವಾಯಿತು. ಇವರು ಜಗಲಿಯ ಮೆಟ್ಟಿಲಲ್ಲಿ ಕೂತು, ಸದ್ದು ಬರದ ಹಾಗೆ ಯಾವುದೋ ಹಲಗೆಗೆ ಉಪ್ಪುಕಾಗದ ಉಜ್ಜುತ್ತಾ, ಖಾಲಾ ಏಳುವುದನ್ನು ಕಾಯುತ್ತಿದ್ದರು.