ಸೊಸೆ ಆಡಬಾರದ ಮಾತು

ನೊಲುಸಾಪೊ ಹನ್ನೊಂದು ವರ್ಷದಿಂದ ಕೈಗೆ ಕೈ ಅಂದಿರಲಿಲ್ಲ. ಅವಳ ಮಾವನ ಹೆಸರು ಸಾಂಡಿಲೆ. ನಮ್ಮ ಖೋಸಾ ಮಾತಿನಲ್ಲಿ ಕೈಗೆ ‘ಇಸಾಂಡ್ಲಾ’ ಅನ್ನುತ್ತೇವೆ. ಸೊಸೆಯಾದವಳು ಮಾವನ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಸದ್ದಿರುವ ಮಾತನ್ನೂ ಆಡಕೂಡದು. ಹಾಗಾಗಿ ಅವಳ ಬಾಯಲ್ಲಿ ಕೈ ಅಂದರೆ ‘ಹಿಡಿಯೋದು’. “ಹಿಡಿಯೋದು ತೊಳ್ಕೊಂಡು ಊಟಕ್ಕೆ ಕೂತ್ಕೊ” ಎಂದು ಮಗಳನ್ನು ಗದರುತ್ತಿದ್ದಳು. ಕೇರಿಯಲ್ಲಿ ಯಾರೂ ನಗುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಇಂಥದೊಂದು ಮಾತು ಇತ್ತು.

ಪೋರ್ಟ್ ಎಲಿಜಬೆತ್‌ನ ಬಿಳಿಯರ ಮನೆಗಳಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವುದು ಅವಳ ಕೆಲಸ. ಗಂಡ ಜೋಹಾನ್ಸ್‌ಬರ್ಗ್ ಕಡೆಯ ಗಣಿಯೊಂದು ಕುಸಿದು ಸತ್ತ. ಮನೆಗೆ ತಂತಿ ಬರುವಷ್ಟರಲ್ಲಿ ಅಲ್ಲೇ ಹೂತು ಮುಗಿಸಿದ್ದರು. ಅವಳು ತವರಿಗೆ ಹೋಗದೆ ಮಾವನ ಮನೆಯಲ್ಲೇ ಉಳಿದಳು. ಹೋದರೆ ಮಗಳನ್ನು ಬಿಟ್ಟೇ ಹೋಗಬೇಕು. ಮಗು ಅಪ್ಪನ ಮನೆಯದು.

ನಮ್ಮ ಶಾಲೆಯ ಮೇಷ್ಟ್ರು ವುಯಿಸಿಲೆಗೆ ನಾಟಕದ ಹುಚ್ಚು. ಪೇಟೆಯ ರಂಗಮಂದಿರದಲ್ಲಿ ಬಿಳಿಯರು ಆಡಿದ ಹಳೆಯ ಗ್ರೀಕ್ ದುರಂತ ನಾಟಕವೊಂದನ್ನು ಬಾಗಿಲ ಸಂದಿಯಿಂದ ನೋಡಿ ಬಂದವರು, ಇದನ್ನು ಕರಿಯರೇ ಆಡಬೇಕು, ನಮ್ಮ ಮಾತಿನಲ್ಲೇ ಆಡಬೇಕು ಎಂದು ಹಟ ಹಿಡಿದರು. ಕಥೆ ಇಷ್ಟೇ. ಹುಡುಗಿಯೊಬ್ಬಳ ಅಣ್ಣ ದ್ರೋಹಿಯೆಂದು ಅವನ ಹೆಣಕ್ಕೆ ಯಾರೂ ಮಣ್ಣು ಹಾಕಕೂಡದೆಂದು ರಾಜನ ಆಜ್ಞೆ. ಅವಳು ಹಾಕುತ್ತಾಳೆ, ಅದಕ್ಕೆ ಸಾಯುತ್ತಾಳೆ. ಅವಳು ಆ ರಾಜನ ಮಗನ ಜೊತೆಗೇ ಮದುವೆ ನಿಶ್ಚಯವಾದವಳು. ಹುಡುಗಿ ನೊಲುಸಾಪೊ, ರಾಜ ನಾನು. ಬಸ್ ಕಂಡಕ್ಟರನಾದ ನನಗೆ ಕೂಗಿ ಅಭ್ಯಾಸವಿದೆ ಎಂದು ಆರಿಸಿದರೇ ಹೊರತು ನಟನೆ ಬರುತ್ತದೆಂದಲ್ಲ.

“ತಲೆ ಎತ್ತಮ್ಮ. ರಾಜನ ಕಣ್ಣಲ್ಲಿ ಕಣ್ಣಿಟ್ಟು ಕೂಗು” ಎಂದರು ಮೇಷ್ಟ್ರು, ಚರ್ಚಿನ ಹಜಾರದಲ್ಲಿ ತಾಲೀಮು ಶುರುವಾದ ದಿನ.

“ಇವನು ನನಗೆ ಮಾವ ಆಗೋನಲ್ವಾ ಮೇಷ್ಟ್ರೇ?”

“ಹೂಂ.”

“ಮಾವನ ಮುಂದೆ ಯಾವ ಸೊಸೆ ಕೂಗ್ತಾಳೆ?”

“ಪುಸ್ತಕದಲ್ಲಿ ಕೂಗ್ತಾಳೆ.”

“ಅದು ಬಿಳಿಯರ ಹುಡುಗಿ. ಮುಖ ಮಾತ್ರ ನಮ್ದು, ನಡೆಯೆಲ್ಲ ಅವರ್ದು ಅಂದ್ರೆ ನಾಟಕ ನಮ್ದು ಹೇಗಾಗುತ್ತೆ?”

ಅಗಸಗಿತ್ತಿ ಮೇಷ್ಟ್ರಿಗೇ ಪಾಠ ಹೇಳುತ್ತಾಳಲ್ಲ ಎಂದು ನಾನು ಉರಿದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ತಲೆಗೆ ಬಟ್ಟೆ ಕಟ್ಟಿ, ಹೆಗಲಿಗೆ ಶಾಲು ಹೊದ್ದು, ನೆಲ ನೋಡುತ್ತ ಮೆಲ್ಲಗೆ ಹೇಳಿದಳು: “ಹೌದು ಮಾವ, ಈ ಹಿಡಿಯೋದ್ರಿಂದ್ಲೇ ನಮ್ಮಣ್ಣನಿಗೆ ಮಣ್ಣು ಹಾಕ್ದೆ.” ನನಗೆ ಕೂಗಲು ಬಾಯಿ ಬರಲಿಲ್ಲ. ಮೇಷ್ಟ್ರು ಪುಸ್ತಕ ಮುಚ್ಚಿಟ್ಟರು.

ನಾಟಕಕ್ಕೆ ಮೂರು ದಿನವಿದ್ದಾಗ ಅವಳು ಇನ್ನೊಂದು ಬಾಂಬು ಹಾಕಿದಳು. “ಆವತ್ತು ನಾನು ‘ಕೈ’ ಅಂತ್ಲೇ ಹೇಳ್ತೀನಿ.”

ಮೇಷ್ಟ್ರು ಬೆವೆತರು. “ಸಾಂಡಿಲೆ ತಾತ ಮುಂದಿನ ಸಾಲಲ್ಲೇ ಕೂತಿರ್ತಾರಲ್ಲಮ್ಮ.”

“ಗೊತ್ತು.”

“ಮನೆಯಿಂದ ಆಚೆ ಹಾಕಿದ್ರೆ? ಮಗಳನ್ನ ಬಿಟ್ಟಿರ್ತೀಯಾ?”

“ಕೊನೇವರೆಗೂ ಮರ್ಯಾದೆ ಇಟ್ಕೊಂಡು ಒಂದೇ ಒಂದು ಕಡೆ ಮುರೀಬೇಕು ಮೇಷ್ಟ್ರೇ. ಆಗ್ಲೇ ಜನಕ್ಕೆ ತಿಳಿಯೋದು, ಆ ಹುಡುಗಿ ಎಂಥದ್ದನ್ನ ಮುರಿದ್ಲು ಅಂತ. ಇಲ್ದಿದ್ರೆ ಮಣ್ಣು ಹಾಕೋದೇನು ಮಹಾ?”

ಶನಿವಾರ ಮಧ್ಯಾಹ್ನ ಹಜಾರ ಕಿಕ್ಕಿರಿದಿತ್ತು. ಆ ಮಾತು ಬಂದಾಗ ಅವಳು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು. “ಹೌದು ಮಾವ. ಈ ಕೈಯಿಂದ್ಲೇ.” ಹೆಂಗಸರು ಶಾಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡರು. ಮುಂದಿನ ಸಾಲಿನಲ್ಲಿ ಸಾಂಡಿಲೆ ತಾತ ಕೋಲೂರಿ ಎದ್ದು ಹೊರಗೆ ನಡೆದುಬಿಟ್ಟರು. ಅವಳು ಅದನ್ನು ಕಂಡಳು. ಆದರೂ ಒಂದು ಮಾತು ತಪ್ಪದೆ ಆ ಹುಡುಗಿ ಸಾಯುವವರೆಗೂ ಆಡಿ ಮುಗಿಸಿದಳು.

ತಾತನಿಗೆ ನಾಲ್ಕು ಮಾತು ಹೇಳಿ ಸಮಾಧಾನ ಮಾಡೋಣವೆಂದು ನಾನೂ ರಾಜನ ಕಂಬಳಿ ಹೊದ್ದುಕೊಂಡೇ ಅವಳ ಜೊತೆ ಮನೆಗೆ ಹೋದೆ. ತಾತ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳು ಗೇಟಿನ ಹತ್ತಿರವೇ ಮಂಡಿಯೂರಿದಳು.

“ತಾತ, ಅದು ಬರೀ ನಾಟಕ...” ಎಂದೆ.

“ನೀನು ಸುಮ್ನಿರಪ್ಪ. ರಾಜನಿಗೇನು ಗೊತ್ತಾಗುತ್ತೆ?” ಎಂದು ಎರಡೂ ಕೈಗಳನ್ನು ಅವಳ ಮುಂದೆ ಚಾಚಿದರು. ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು ಜಡ್ಡುಗಟ್ಟಿದ ಕೈಗಳು. “ಇದಕ್ಕೇನಂತಾರಮ್ಮ?”

ಅವಳು ಮತ್ತೆ ನೆಲ ನೋಡಿದಳು.

“ಹೇಳು ಅಂದ್ನಲ್ಲ.”

“ಕೈ” ಎಂದಳು.

“ನನ್ನ ಮಗನಿಗೆ ಇದು ಒಂದು ಹಿಡಿ ಮಣ್ಣು ಹಾಕಲಿಲ್ಲ” ಎಂದರು ತಾತ. ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, “ಒಳಗೆ ನಡಿ, ಮಗು ಹಸ್ಕೊಂಡಿದೆ” ಎಂದರು.