ರೆಕ್ಕೆಗೆ ಬಡಿದ ತೆಂಗಿನ ಮರ

ಡ್ರೋನಿನ ರೆಕ್ಕೆ ಮುರಿದುಕೊಂಡು ನನ್ನ ಅಂಗಡಿಗೆ ಬರುವವರಲ್ಲಿ ಒಬ್ಬರಾದರೂ, ಅದು ಯಾವುದಕ್ಕೆ ಬಡಿದು ಮುರಿಯಿತೆಂದು ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಹಲ್ಲು ಮುರಿಸಿಕೊಂಡವನು ದಂತವೈದ್ಯರ ಮುಂದೆ ಜಗಳದ ಕತೆಯನ್ನಾದರೂ ಹೇಳಿಕೊಳ್ಳುತ್ತಾನೆ. ಇವರು ಮಾತ್ರ ಮುರಿದ ತುಂಡನ್ನು ಕೌಂಟರಿನ ಮೇಲಿಟ್ಟು, ಹಣ್ಣೆಲೆ ಕಾಲ ಬಂದು ಉದುರಿತೆಂಬಂಥ ನಿರ್ಲಿಪ್ತ ಮುಖ ಹೊತ್ತು ನಿಲ್ಲುತ್ತಾರೆ. ಆ ಮೌನದ ಮುಜುಗರ ನೀಗಲೆಂದು "ತೆಂಗಿನ ಮರವೇ?" ಎಂದು ನಾನೇ ಕೇಳುತ್ತಿದ್ದೆ. ಹೌದು ಹೌದು, ತೆಂಗಿನ ಮರ ಎಂದು ಅವರು ಹಗುರಾಗುತ್ತಿದ್ದರು. ಗೋವೆಯಲ್ಲಿ ತೆಂಗಿನ ಮರಕ್ಕೇನೂ ಬರವಿಲ್ಲವಾದ್ದರಿಂದ, ಪ್ರಶ್ನೆಯೂ ಉತ್ತರವೂ ಅಲ್ಲಿಗೆ ಸುಸೂತ್ರವಾಗಿ ಮುಗಿಯುತ್ತಿದ್ದವು.

ನನ್ನ ಅಂಗಡಿ ಇರುವುದು ಮ್ಹಾಪಸಾ ಪೇಟೆಯ ಬೆನ್ನಿಗಿರುವ ಒಂದು ಓಣಿಯಲ್ಲಿ. ಪರ್ವರಿಯ ಕಟ್ಟಡಗಳಿಗೆ ಇಟ್ಟಂಗಿ ಹೊತ್ತ ನನ್ನಪ್ಪ, ಮಗ ಮಾಸ್ತರನಾಗಲೆಂದು ನನ್ನನ್ನು ಧಾರವಾಡದ ಸೋದರಮಾವನ ಮನೆಯಲ್ಲಿಟ್ಟು ಬಿ.ಎ. ಓದಿಸಿದ. ನಾನು ಅಲಂಕಾರಶಾಸ್ತ್ರವನ್ನು ಅರೆದು ಕುಡಿದು, ಕಟ್ಟಕಡೆಗೆ ಚಟ್ನಿ ಅರೆಯುವ ಮಿಕ್ಸರುಗಳ ಅಲಗು ಬದಲಿಸುವವನಾದೆ. ಆಮೇಲೆ ಪ್ರವಾಸಿಗರು ಆಕಾಶಕ್ಕೆ ಕ್ಯಾಮೆರಾ ಹಾರಿಸತೊಡಗಿದಾಗ, ತಿರುಗುವ ಅಲಗೆಲ್ಲ ಒಂದೇ ಕುಲವೆಂದುಕೊಂಡು ಅವುಗಳ ಚಿಕಿತ್ಸೆಗೂ ಕೈಹಾಕಿದೆ. ಬೋರ್ಡಿನ ಮೇಲೆ ಈಗಲೂ ಮಿಕ್ಸರಿನ ಚಿತ್ರವೇ ಇದೆ. ಡ್ರೋನನ್ನು ಅದರ ಪಕ್ಕ ನಾನೇ ಬರೆಯಲು ಹೋಗಿ ಅದು ಏಡಿಯಂತಾಗಿ, ಇಲ್ಲಿ ಮೀನಿನ ಊಟ ಸಿಗುತ್ತದೆಯೇ ಎಂದು ಕೆಲವರು ಒಳಗೆ ಬಂದದ್ದುಂಟು.

ಅಂಗೈಯಷ್ಟಿಲ್ಲದ ಈ ರೆಕ್ಕೆಗಳ ಶಾಸ್ತ್ರ ಸಾಮಾನ್ಯವಾದುದಲ್ಲ, ಓದುಗ ಮಿತ್ರರೇ. ನಾಲ್ಕು ಮೋಟಾರುಗಳಲ್ಲಿ ಎರಡು ಬಲಕ್ಕೆ ಸುತ್ತಿದರೆ ಎರಡು ಎಡಕ್ಕೆ. ಅದಲುಬದಲಾಗಿ ಕೂರಿಸಿದರೆ ಯಂತ್ರ ಮೇಲೇಳುವ ಬದಲು ನೆಲದಲ್ಲೇ ಮಗುಚಿ ಒದ್ದಾಡುತ್ತದೆ. ಒಂದು ಕಡೆ ಕೂದಲೆಳೆಯಷ್ಟು ಭಾರ ಹೆಚ್ಚಾದರೂ ಚಿತ್ರ ನಡುಗುತ್ತದೆಂದು, ಹಗುರಾದ ಕಡೆಗೆ ಉಗುರಿನಷ್ಟು ಟೇಪು ಅಂಟಿಸಿ ತೂಗಿಸಬೇಕು. ಜೊತೆಗೆ ಬಂದ ಪ್ಲಾಸ್ಟಿಕ್ಕಿನ ರೆಕ್ಕೆ ಬೇಡವೆನ್ನುವವರಿಗೆ ಸುಧಾರಿತ ಕಾರ್ಬನ್ನಿನ ರೆಕ್ಕೆಯಿದೆ. ಪ್ಲಾಸ್ಟಿಕ್ಕಿನದು ಬಡಿದರೆ ಬಾಗಿ ಮುರಿಯುತ್ತದೆ. ಕಾರ್ಬನ್ನಿನದು ಅಷ್ಟು ಸುಲಭಕ್ಕೆ ಬಾಗದು, ಮುರಿಯದು. ವಜ್ರಕಠೋರ, ನಿಷ್ಕಂಪ, ಮಿತಭಾಷಿ ಎಂದೆಲ್ಲ ಹಿಂದಿಯಲ್ಲಿ ಅದರ ಗುಣಗಾನ ಮಾಡುವಾಗ, ಓದಿದ ಅಲಂಕಾರಶಾಸ್ತ್ರ ಕೊನೆಗೂ ಹೊಟ್ಟೆಗೆ ಹಿಟ್ಟು ತಂದಿತೆಂದು ಬೀಗುತ್ತಿದ್ದೆ.

ಹೀಗಿರುವಾಗ ಕಳೆದ ಸೀಸನ್ನಿನಲ್ಲಿ ಒಬ್ಬ ತರುಣ ಪ್ರವಾಸಿ ಬಂದ. ಕಳಿಸಿದವಳು ನನ್ನ ಅಕ್ಕ ರತ್ನವ್ವ. ಅಕ್ಕ ಸಮುದ್ರದ ದಂಡೆಯಲ್ಲಿ ಕನ್ನಡಿಚೂರು ಹೊಲಿದ ಬಟ್ಟೆಚೀಲಗಳನ್ನು ಮಾರುತ್ತಾಳೆ. ಮರಳಲ್ಲಿ ಕೂತು ಹೊಲಿಯುತ್ತಲೇ ಮಾರುವುದು ಅವಳ ವ್ಯಾಪಾರದ ಗುಟ್ಟು, ಕೈ ಆಡುವುದನ್ನು ನೋಡಲು ನಿಂತವರು ಬರಿಗೈಯಲ್ಲಿ ಹೋಗುವುದಿಲ್ಲ. ಗಿರಾಕಿಯನ್ನು ನಮ್ಮ ಮಂದಿಯೊಳಗೇ ಕೈದಾಟಿಸುವುದು ಇಲ್ಲಿಗೆ ಬಂದ ನಮ್ಮಂಥವರ ಪದ್ಧತಿ. ಚೀಲ ಕೊಂಡವನಿಗೆ ಎಳನೀರಿನವನನ್ನು ತೋರಿಸುತ್ತೇವೆ, ಎಳನೀರು ಕುಡಿದವನಿಗೆ ರಿಕ್ಷಾದವನನ್ನು. ಆ ತರುಣ ಡ್ರೋನನ್ನು ಅಕ್ಕನ ಕೈಯ ಚೀಲದಲ್ಲೇ ಸುತ್ತಿ ತಂದಿದ್ದ. ಹೊಲಿಗೆ ನೋಡಿದ ಕೂಡಲೇ ಗುರುತು ಹಿಡಿದು, ಅಕ್ಕನಿಗೂ ಬೋಣಿಯಾಯಿತೆಂದು ಹಿಗ್ಗಿದೆ.

ಅಕ್ಕ ಕಳಿಸಿದ ಗಿರಾಕಿಯೆಂದರೆ ಬೀಗರ ಕಡೆಯವರಿದ್ದಂತೆ. ಚಹಾ ತರಿಸಿದೆ. ವಾಡಿಕೆಯಂತೆ ತೆಂಗಿನ ಮರವೇ ಎಂದೆ; ಅವನು ಒಂದು ಗಳಿಗೆ ಚೀಲದ ಕಡೆ ನೋಡಿ, ಹೌದೆಂದು ತಲೆಯಾಡಿಸಿದ. ಇನ್ನೊಮ್ಮೆ ಮುರಿಯದಂಥದ್ದು ಬೇಕೆಂದ. ಮೋಟಾರಿನ ಕಂಬಕ್ಕೆ ಒಂದಿಷ್ಟು ನೀಲಿ ದಾರ ಸುತ್ತಿಕೊಂಡಿತ್ತು. ಚೀಲದ್ದೇ ಬಿಚ್ಚಿರಬೇಕೆಂದು ಚಿಮಟದಿಂದ ಎಳೆದು ಬಿಸಾಕಿ, ಕಾರ್ಬನ್ನಿನ ರೆಕ್ಕೆಗಳನ್ನು ಕೂರಿಸಿ, ಬೇರೆಯವರಿಗೆ ಒಮ್ಮೆ ತೂಗಿಸುವುದನ್ನು ಅವನಿಗಾಗಿ ಮತ್ತೆ ಮತ್ತೆ ತೂಗಿಸಿದೆ. ಅಷ್ಟು ಚೊಕ್ಕ ಕೆಲಸವನ್ನು ನಾನು ಆ ವರ್ಷವಿಡೀ ಮಾಡಿರಲಿಲ್ಲ. ಹಾರಿಸಿ ನೋಡಿದರೆ ಅದರ ಸದ್ದಿಗೆ ಓಣಿಯ ನಾಯಿ ಕೂಡ ತಲೆಯೆತ್ತಲಿಲ್ಲ.

ಸಂಜೆ ಬಸ್ಸು ಹಿಡಿದು ಅಕ್ಕನ ಖೋಲಿಗೆ ಹೋದೆ, ಮೆಚ್ಚುಗೆ ಗಿಟ್ಟಿಸಿಕೊಳ್ಳಲು. ಅಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಬಲಗೈಗೆ ಮಣಿಕಟ್ಟಿನವರೆಗೂ ಬಿಳಿ ಪಟ್ಟಿ.

"ಬಂದಿದ್ನೇನೋ ತಮ್ಮಾ, ನಾ ಕಳಿಸಿದಾವ?" ಎಂದಳು.

"ಅದಿರ್ಲಿ, ಕೈಗೇನಾತು?"

"ಅವಂದs ವಿಮಾನ ಬಡೀತು. ಕೆಳಗ ಇಳಸಾಕತ್ತಿದ್ದ, ಗಾಳಿ ಬೀಸಿ ನನ್ನ ಮಾರಿ ಮ್ಯಾಲೆ ಬಂತು. ಹೊಲಿಯೂ ಕೈನs ಅಡ್ಡ ಹಿಡಿದ್ನಿ. ಪಾಪ, ಅವಂದು ರೆಕ್ಕಿ ಮುರದs ಹೋತು."

ಪಾಪವಂತೆ! ಚಿಮಟದಿಂದ ಎಳೆದು ಬಿಸಾಕಿದ ನೀಲಿ ದಾರ ಅವಳ ಸೂಜಿಯಲ್ಲಿದ್ದದ್ದು. ಅಂಥವನನ್ನು ನನ್ನ ಅಂಗಡಿಗೆ ಯಾಕೆ ಕಳಿಸಿದೆಯೆಂದು ರೇಗಿದೆ.

"ಯಾಕ ಕಳಸಬಾರ್ದು? ಎಲ್ಲಿ ರಿಪೇರಿ ಮಾಡ್ತಾರಂತ ಎಲ್ಲಾರನ್ನೂ ಕೇಳಾಕತ್ತಿದ್ದ. ಬ್ಯಾರೇದವರ ಅಂಗಡಿಗೆ ಹೋಗೂದು ನಿನಗರ ಬರ್ಲಿ ಅಂದ್ನಿ. ಸಾರಿ ಅಂದ, ಚೌಕಾಶಿ ಮಾಡ್ದs ಚೀಲಾನೂ ತಗೊಂಡ. ಚಲೋ ಮಾಡಿ ಕೊಟ್ಟಿ ಹೌದಿಲ್ಲೋ? ನನ್ನ ಹೆಸರು ಹೇಳ್ಕೊಂಡು ಬಂದಾವ."

"ಚಲೋ ಮಾಡೇನಿ ಅಕ್ಕ," ಎಂದೆ. "ಇನ್ನ ಮುರಿಯಂಗಿಲ್ಲ."

ಅಕ್ಕನಿಗೆ ಸಮಾಧಾನವಾಯಿತು. ನನಗೆ ಇಂದಿಗೂ ಆಗಿಲ್ಲ. ಮೆತ್ತನೆಯ ಪ್ಲಾಸ್ಟಿಕ್ಕು ಅವಳ ಬೆರಳಿಗೆ ಬಡಿದು ತಾನು ಮುರಿದದ್ದರಿಂದ ಬೆರಳು ಕೈಯಲ್ಲಿ ಉಳಿಯಿತು. ನಾನು ವಿಶೇಷಣಗಳ ಸಮೇತ ಮಾರಿದ ವಜ್ರಕಠೋರ ರೆಕ್ಕೆಯಾಗಿದ್ದರೆ ಉಳಿಯುತ್ತಿರಲಿಲ್ಲ. ಸುಧಾರಣೆಯೆಂಬ ಶಬ್ದವನ್ನು ನಾನು ಅದೆಷ್ಟು ಭಕ್ತಿಯಿಂದ ಉಚ್ಚರಿಸುತ್ತಿದ್ದೆ! ಬಡಿದವನಿಗೆ ಏನೂ ಆಗದಂತೆ ನೋಡಿಕೊಳ್ಳುವುದಕ್ಕೆ ಆ ಹೆಸರು. ಬಡಿಸಿಕೊಂಡವಳ ಪಾಡು ಯಾವ ಡಬ್ಬಿಯ ಮೇಲೂ ಅಚ್ಚಾಗಿರುವುದಿಲ್ಲ. ಆ ತರುಣನ ಮೇಲೆ ನನಗಿರುವುದು ಹಸಿ ಸಿಟ್ಟು. ಆದರೆ ಅವನು ದುಷ್ಟನೂ ಅಲ್ಲ, ಅದೇ ಸಂಕಟ. ಸಾರಿ ಎಂದಿದ್ದ, ಚೀಲ ಕೊಂಡಿದ್ದ, ಚಹಾ ಕುಡಿದು ಲೋಟವನ್ನು ತಾನೇ ಒಳಗೆ ತಂದಿಟ್ಟಿದ್ದ. ಇಷ್ಟು ಸಂಭಾವಿತರನ್ನು ಬೈಯುವುದಕ್ಕೆ ನಾನು ಕಲಿತ ಭಾಷೆಯಲ್ಲಿ ಶಬ್ದಗಳಿಲ್ಲ.

ಅಕ್ಕನ ತೋರುಬೆರಳು ಈಗ ಬಾಗುವುದಿಲ್ಲ. ನರ ಕಡಿದಿದೆ, ಇನ್ನು ಇಷ್ಟೇ ಎಂದರು ಡಾಕ್ಟರು. ಸೂಜಿ ಹಿಡಿಯಲು ಬಾರದ್ದರಿಂದ ಎಲ್ಲೋ ಮಷೀನಿನಲ್ಲಿ ಹೊಲಿದ ಚೀಲಗಳನ್ನು ತಂದು ಮಾರುತ್ತಾಳೆ. ಕೈ ಆಡುವುದಿಲ್ಲವಾದ್ದರಿಂದ ಜನ ನಿಲ್ಲುವುದಿಲ್ಲ. ನೆಟ್ಟಗೆ ನಿಂತ ಆ ಬೆರಳಿನಿಂದಲೇ ದಾರಿ ತೋರಿಸುತ್ತ, ಅಕ್ಕ ಈಗಲೂ ನನಗೆ ಗಿರಾಕಿಗಳನ್ನು ಕಳಿಸುತ್ತಾಳೆ.

ಕಾರ್ಬನ್ನಿನ ರೆಕ್ಕೆಗಳನ್ನು ನಾನು ಅಂದಿನಿಂದ ಮಾರುವುದಿಲ್ಲ. ಇದೇನು ದೊಡ್ಡ ತ್ಯಾಗವಲ್ಲ, ಮುಂದಿನ ಓಣಿಯಲ್ಲಿ ಧಾರಾಳವಾಗಿ ಸಿಗುತ್ತವೆ, ಹೋಗುವವರು ಹೋಗುತ್ತಾರೆ. ಉಳಿದವರು ಮೊದಲಿನಂತೆಯೇ ಮುರಿದ ತುಂಡನ್ನು ಕೌಂಟರಿನ ಮೇಲಿಟ್ಟು ಸುಮ್ಮನೆ ನಿಲ್ಲುತ್ತಾರೆ. ನಾನೀಗ ತೆಂಗಿನ ಮರವನ್ನು ಅವರ ಬಾಯಿಗೆ ಎತ್ತಿಕೊಡುವುದಿಲ್ಲ. ಯಾವುದಕ್ಕೆ ಬಡಿಯಿತೆಂದು ನೇರವಾಗಿ ಕೇಳಿ ಕಾಯುತ್ತೇನೆ. ತುಸು ಹೊತ್ತು ತಡವರಿಸಿ, ತೆಂಗಿನ ಮರಕ್ಕೆ ಎಂದು ಅವರೇ ಹೇಳುತ್ತಾರೆ.

ಆಗ ನಾನು ಮತ್ತೊಂದು ಪ್ರಶ್ನೆ ಕೇಳುತ್ತೇನೆ: ಮರಕ್ಕೆ ಏನಾಯಿತು?